ಬ್ಯಾಟರಿ ಬಂದೂಕಿಗೋ, ಹಣೆಗೋ? ರಾತ್ರಿ ಹೊಲ ಕಾಯುವವರು ತಿಳಿಯಬೇಕಾದ ಲೆಕ್ಕ

ಹೊಳೆಆಲೂರು: ಗೋವಿನಜೋಳ ತೆನೆ ಕಟ್ಟುವ ಹೊತ್ತಿಗೆ ಮಲಪ್ರಭಾ ದಂಡೆಯ ರೈತರ ನಿದ್ದೆ ಹಾರಿಹೋಗುತ್ತದೆ. ಹೊಳೆ ಕಡೆಯಿಂದ ಕಾಡುಹಂದಿ, ಎರೆ ಹೊಲದ ಕಡೆಯಿಂದ ಚಿಗರಿ ಹಿಂಡು. ಹಗಲೆಲ್ಲ ದುಡಿದವರು ರಾತ್ರಿ ಮತ್ತೆ ಹೊಲಕ್ಕೆ ಹೋಗಬೇಕು. ಹಳೇ ಸೀರೆ ಕಟ್ಟಿದ್ದಾಯಿತು, ಪಟಾಕಿ ಹೊಡೆದದ್ದಾಯಿತು, ಡಬ್ಬಿ ಬಾರಿಸಿದ್ದಾಯಿತು. ಯಾವುದಕ್ಕೂ ಬಗ್ಗಲಿಲ್ಲ ಅಂದಾಗ, ಲೈಸೆನ್ಸ್ ಇದ್ದವರ ಕಣ್ಣು ಅಪ್ಪನ ಕಾಲದ ಹಳೇ ಬಂದೂಕಿನ ಕಡೆ ತಿರುಗುತ್ತದೆ.

ಆ ಬಂದೂಕಿಗೆ ಈಗ ಹೊಸ ಸಾಮಾನು ಸಿಗುತ್ತಿದೆ. ನಳಿಗೆಗೆ ಬಿಗಿಯುವ ಕ್ಲಾಂಪು, ದೂರಕ್ಕೆ ಬೆಳಕು ಚೆಲ್ಲುವ ಎಲ್‌ಇಡಿ ಬ್ಯಾಟರಿ, ಹಸಿರು ಲೇಸರ್, ಹೆಗಲ ಬೆಲ್ಟು, ಒದೆತ ತಡೆಯುವ ರಬ್ಬರ್ ಪ್ಯಾಡ್. ಮೊಬೈಲ್‌ನಲ್ಲಿ ಆರ್ಡರ್ ಕೊಟ್ಟರೆ ಹಲವು ಸಾಮಾನು ಮನೆ ಬಾಗಿಲಿಗೇ ಬರುತ್ತವೆ. ಬಳಸಿ ಸವೆದ ರೈಫಲ್‌ಗೆ ದೀಪ, ದುರ್ಬೀನು ಕೂಡಿಸಿ ಹೊಸದರಂತೆ ಮಾಡಿ ತೋರಿಸುವ ವಿದೇಶಿ ವಿಡಿಯೋಗಳಿಗೂ ಬರ ಇಲ್ಲ. ಆದರೆ ಆ ವಿಡಿಯೋದ ದೇಶವೇ ಬೇರೆ, ಕಾನೂನೇ ಬೇರೆ. ರೋಣ ತಾಲ್ಲೂಕಿನ ಹೊಲದಲ್ಲಿ ಅವುಗಳಲ್ಲಿ ಯಾವುದು ಉಪಯೋಗ, ಯಾವುದು ಜೈಲಿನ ದಾರಿ, ಯಾವುದು ಇನ್ನೊಬ್ಬ ರೈತನ ಜೀವಕ್ಕೆ ಕುತ್ತು ಅನ್ನೋದನ್ನು ಬೇರೆ ಬೇರೆ ಮಾಡಿ ನೋಡಬೇಕಿದೆ.

ನಮ್ಮ ಕೈಯಲ್ಲಿರೋದು ರೈಫಲ್ ಅಲ್ಲ

ಮಾತಿಗೆ ಎಲ್ಲರೂ ರೈಫಲ್ ಅಂತಾರೆ. ರೈಫಲ್ ನಳಿಗೆಯ ಒಳಗೆ ಸುರುಳಿ ಗೀರು ಇರುತ್ತದೆ, ಅದರಿಂದ ಒಂಟಿ ಗುಂಡು ತಿರುಗುತ್ತ ನೇರ ಹೋಗುತ್ತದೆ. ಬೆಳೆ ರಕ್ಷಣೆಗೆ ಕಾನೂನು ಹೇಳುವ ಬಂದೂಕು ಬೇರೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನ ಪ್ರಕಾರ ಬೆಳೆ ಕಾಯಲು ಮೊದಲು ಪರಿಗಣಿಸೋದು ಬಾಯಿಯಿಂದ ಮದ್ದು ತುಂಬುವ ಕೋವಿ. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆ ಆದರೆ ಬೇರೆ ನುಣುಪು ನಳಿಗೆಯ ಬಂದೂಕಿಗೆ ಲೈಸೆನ್ಸ್ ಕೊಡಬಹುದು. ಒಂಟಿ ನಳಿಗೆ, ಜೋಡು ನಳಿಗೆಯ 12 ಬೋರ್ ಬಂದೂಕುಗಳು ಈ ಸಾಲಿಗೆ ಸೇರಿದವು.

ಈ ವ್ಯತ್ಯಾಸ ಸಣ್ಣದಲ್ಲ. 12 ಬೋರ್ ತೋಟಾದಿಂದ ಸಾಮಾನ್ಯವಾಗಿ ಹೊರಡೋದು ಚೆಲ್ಲಾಡುವ ಗುಂಡುಗಳು. ಹೊಡೆತ ಗ್ಯಾರಂಟಿ ಇರೋದು ಹತ್ತಿರಕ್ಕೆ ಮಾತ್ರ. ಆದರೆ ತಪ್ಪಿದ ದೊಡ್ಡ ಗುಂಡು ಕೆಲವು ನೂರು ಮೀಟರ್ ಹಾರಿ ಹೋಗುತ್ತದೆ. ಮಲೆನಾಡಿನಲ್ಲಾದರೆ ಗುಡ್ಡ, ಗಿಡಮರ ಅಡ್ಡ ಬರುತ್ತವೆ. ನಮ್ಮ ಎರೆ ಸೀಮೆ ಅಂಗೈಯಂಗೆ ಸಪಾಟು, ಗುಂಡು ತಡೆಯಲು ಒಂದು ದಿಬ್ಬವೂ ಇರೋದಿಲ್ಲ.

ಯಾವುದು ನಡೆಯುತ್ತೆ, ಯಾವುದು ನಡೆಯೋದಿಲ್ಲ

ಶಸ್ತ್ರಾಸ್ತ್ರ ಕಾಯ್ದೆ ಬಂದೂಕು ಅಂದರೆ ಏನು ಅನ್ನೋದನ್ನು ವಿವರಿಸುವಾಗ ಬಂದೂಕಿನ ಬಿಡಿ ಭಾಗಗಳನ್ನೂ ಸೇರಿಸುತ್ತದೆ. ಜೊತೆಗೆ ಗುಂಡು ಹಾರಿದಾಗಿನ ಸದ್ದು ಅಥವಾ ಬೆಂಕಿಯ ಮಿಂಚು ತಗ್ಗಿಸುವ ಸಾಧನವನ್ನೂ ಸೇರಿಸುತ್ತದೆ. ಅಂದರೆ ಸೈಲೆನ್ಸರ್ ಬರೀ ಸಾಮಾನಲ್ಲ, ಕಾನೂನಿನ ಕಣ್ಣಿಗೆ ಅದೇ ಒಂದು ಬಂದೂಕು. ಪೈಪು ಕೊಯ್ದು ಮನೆಯಲ್ಲೇ ಮಾಡಿಕೊಂಡರೂ ಕೇಸು ಕೇಸೇ.

ಹೆಗಲ ಬೆಲ್ಟು, ತೋಟಾ ಪಟ್ಟಿ, ಕವರು, ಹಿಂಬದಿಯ ರಬ್ಬರ್ ಪ್ಯಾಡ್, ಬ್ಯಾಟರಿ ಇವುಗಳ ಹೆಸರು ಆ ವಿವರಣೆಯಲ್ಲಿ ಇಲ್ಲ. ವಯಸ್ಸಾದವರಿಗೆ ರಬ್ಬರ್ ಪ್ಯಾಡ್ ನಿಜಕ್ಕೂ ಅನುಕೂಲ. ಬೆಲ್ಟು ಇದ್ದರೆ ಬದು ದಾಟುವಾಗ ಎರಡೂ ಕೈ ಖಾಲಿ ಇರುತ್ತವೆ. ಆದರೂ ಬದು ದಾಟುವ ಮೊದಲು ತೋಟಾ ಹೊರಗೆ ತೆಗೆಯಲೇಬೇಕು.

ತೊಡಕು ಶುರುವಾಗೋದು ಇವನ್ನು ಕೂಡಿಸುವ ರೀತಿಯಲ್ಲಿ. ಕ್ಲಾಂಪು ಕೂಡಲಿಲ್ಲ ಅಂತ ಗ್ಯಾರೇಜಿಗೆ ಒಯ್ದು ನಳಿಗೆಗೆ ವೆಲ್ಡಿಂಗ್ ಮಾಡಿಸೋದು, ತೂತು ಕೊರೆಸೋದು, ಭಾರ ಆಯಿತು ಅಂತ ನಳಿಗೆ ಗಿಡ್ಡ ಮಾಡಿಸೋದು. ವೆಲ್ಡಿಂಗ್ ಕಾವಿಗೆ ಉಕ್ಕಿನ ಗುಣ ಕೆಡುತ್ತದೆ, ತೂತು ಬಿದ್ದ ಕಡೆ ನಳಿಗೆ ತೆಳ್ಳಗಾಗುತ್ತದೆ. ಒಳಗೆ ಮದ್ದು ಸಿಡಿಯುವ ಒತ್ತಡ ಅದೇ ಜಾಗದಲ್ಲಿ ದಾರಿ ಹುಡುಕುತ್ತದೆ. ಆಗ ನಳಿಗೆ ಸೀಳೋದು ಹಿಡಿದವನ ಎಡಗೈ ಹತ್ತಿರವೇ.

ಕಾನೂನಿನ ಪೆಟ್ಟು ಅದಕ್ಕಿಂತ ಕಡಿಮೆ ಇಲ್ಲ. ಲೈಸೆನ್ಸ್ ಇಲ್ಲದವರು ಬಂದೂಕು ರಿಪೇರಿ ಮಾಡುವಂತಿಲ್ಲ, ಮಾರ್ಪಾಡು ಮಾಡುವಂತಿಲ್ಲ ಅನ್ನುತ್ತದೆ 5ನೇ ಕಲಮು. ನಳಿಗೆ ಗಿಡ್ಡ ಮಾಡೋದು 6ನೇ ಕಲಮಿನಲ್ಲಿ ಬರುತ್ತದೆ. 2019ರ ತಿದ್ದುಪಡಿ ಆದ ಮೇಲೆ ಇವಕ್ಕೆ ಶಿಕ್ಷೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಲೇತ್ ಅಂಗಡಿ, ವೆಲ್ಡಿಂಗ್ ಅಂಗಡಿ ಇಟ್ಟವರು ಇದನ್ನು ಎರಡು ಸಲ ಓದಬೇಕು. "ನಮ್ಮ ಕಾಕಾನ ಬಂದೂಕು, ಎರಡು ನಿಮಿಷದ ಕೆಲಸ" ಅಂತ ಬಂದ ಗಿರಾಕಿಯ ಕೂಲಿ ನೂರಿನ್ನೂರು ರೂಪಾಯಿ ಇರಬಹುದು. ಕೇಸು ಬಿದ್ದರೆ ಅಂಗಡಿಯೇ ಮುಚ್ಚುತ್ತದೆ.

ಏರ್ ಗನ್ ಮಾರುವವರಿಗೂ ಒಂದು ಗೆರೆ ಇದೆ. 0.177 ಇಂಚಿನೊಳಗಿನ, 20 ಜೌಲ್ ಮೀರದ ಏರ್ ಗನ್‌ಗೆ ಲೈಸೆನ್ಸ್ ಬೇಡ. ಅದನ್ನು ಮದ್ದು ಹಾಕಿ ಹೊಡೆಯುವಂಗೆ ತಿದ್ದಿದರೆ ಮಾತ್ರ ಅದು ಆಟಿಕೆಯೂ ಅಲ್ಲ, ಏರ್ ಗನ್ನೂ ಅಲ್ಲ.

ದೀಪ ಎಲ್ಲಿರಬೇಕು?

ಬಂದೂಕಿಗೆ ಬ್ಯಾಟರಿ ಕಟ್ಟೋದು ಸಣ್ಣ ಸಂಗತಿ ಅನಿಸಬಹುದು. ಆದರೆ ಜೀವದ ಪ್ರಶ್ನೆ ಇರೋದು ಇಲ್ಲೇ. ಬ್ಯಾಟರಿ ನಳಿಗೆಗೆ ಕಟ್ಟಿದರೆ ಎಲ್ಲಿ ನೋಡಬೇಕೋ ಅಲ್ಲಿಗೆ ಬಂದೂಕನ್ನೂ ತಿರುಗಿಸಬೇಕು. ಸಪ್ಪಳ ಬಂತು ಅಂತ ಬೆಳಕು ಬಿಟ್ಟರೆ, ಅಲ್ಲಿ ಯಾರಿದ್ದಾರೆ ಅಂತ ಗೊತ್ತಾಗುವ ಮೊದಲೇ ನಳಿಗೆ ಅವರ ಎದೆಗೆ ನೆಟ್ಟಿರುತ್ತದೆ. ಬೆರಳು ಕುದುರೆಯ ಮೇಲಿದ್ದರೆ ಉಳಿದದ್ದು ಒಂದು ಬೆಚ್ಚುವಿಕೆ ಅಷ್ಟೇ.

ರಾತ್ರಿ ನಮ್ಮ ಹೊಲಗಳು ಖಾಲಿ ಇರೋದಿಲ್ಲ. ಹೆಸ್ಕಾಂ ಮೂರು ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ಪಕ್ಕದ ಹೊಲದವರು ಪಂಪ್‌ಸೆಟ್ ಚಾಲೂ ಮಾಡಲು ಬಂದಿರುತ್ತಾರೆ. ನೀರು ತಿರುವುವವರು ಬಗ್ಗಿಕೊಂಡೇ ಇರುತ್ತಾರೆ. ಕುರಿ ಹಟ್ಟಿ ಹಾಕಿದವರು ಕಂಬಳಿ ಹೊದ್ದು ಬದುವಿನಲ್ಲಿ ಮಲಗಿರುತ್ತಾರೆ. ತೆನೆ ಮಟ್ಟದ ಗೋವಿನಜೋಳದಲ್ಲಿ ಬಗ್ಗಿದ ಮನುಷ್ಯನಿಗೂ ಹಂದಿಗೂ ಸಪ್ಪಳದಲ್ಲಿ ಬಹಳ ಫರಕು ಇರೋದಿಲ್ಲ.

"ಬೆಳಕು ಬಿಟ್ಟರೆ ಕಣ್ಣು ಹೊಳೀತಾವ, ಗೊತ್ತಾಗತೈತಿ" ಅನ್ನೋದು ಹೊಲ ಕಾಯುವವರ ಹಳೇ ಲೆಕ್ಕ. ಆ ಲೆಕ್ಕದಲ್ಲೇ ದೋಷ ಇದೆ. ಆಕಳು, ಕುರಿ, ನಾಯಿ, ಬೆಕ್ಕು, ಚಿಗರಿ ಇವುಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕು ತಿರುಗಿಸುವ ಒಂದು ಪದರ ಇರುತ್ತದೆ, ಅದಕ್ಕೇ ಹೊಳೆಯುತ್ತವೆ. ಹಂದಿಯ ಕಣ್ಣಿಗೆ ಆ ಪದರ ಇಲ್ಲ. ಮನುಷ್ಯನ ಕಣ್ಣಿಗೂ ಇಲ್ಲ. ಅಂದರೆ ಫಳ್ ಅಂತ ಹೊಳೆದದ್ದು ಪಕ್ಕದವರ ಆಕಳೋ, ಕುರಿ ನಾಯಿಯೋ, ಚಿಗರಿಯೋ ಆಗಿರುವ ಸಂಭವ ಹೆಚ್ಚು. ಹೊಳೆಯದೆ ಕಪ್ಪಗೆ ಅಲುಗಾಡಿದ್ದು ಹಂದಿಯೂ ಇರಬಹುದು, ನೀರು ತಿರುವುವ ಅಣ್ಣನೂ ಇರಬಹುದು. ಕಣ್ಣಿನ ಹೊಳಪು ನಂಬಿ ಕುದುರೆ ಎಳೆಯುವವರಿಗೆ ಎರಡೂ ಕಡೆ ನಷ್ಟ.

ಲೇಸರ್ ಅಂತೂ ಇನ್ನೂ ಕೆಲಸಕ್ಕೆ ಬಾರದ್ದು. ಅದು ಗುಂಡು ಎಲ್ಲಿಗೆ ಹೋಗುತ್ತೆ ಅಂತ ಚುಕ್ಕಿ ಇಡುತ್ತದೆ, ಎದುರಿಗೆ ಯಾರಿದ್ದಾರೆ ಅಂತ ಹೇಳೋದಿಲ್ಲ. ಆ ಕಿರಣ ಯಾರದಾದರೂ ಕಣ್ಣಿಗೆ ಬಿದ್ದರೆ ದೃಷ್ಟಿಗೂ ಪೆಟ್ಟು.

ಆದ್ದರಿಂದ ದೀಪಕ್ಕೆ ಯೋಗ್ಯ ಜಾಗ ನಳಿಗೆ ಅಲ್ಲ, ಹಣೆ. ಹಣೆಗೆ ಕಟ್ಟುವ ಬ್ಯಾಟರಿ ಕೆಲವು ನೂರು ರೂಪಾಯಿಗೆ ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಸಿಗುತ್ತದೆ. ಕತ್ತು ತಿರುಗಿದ ಕಡೆ ಬೆಳಕು ತಿರುಗುತ್ತದೆ, ಬಂದೂಕಿನ ಬಾಯಿ ನೆಲ ನೋಡುತ್ತಲೇ ಇರುತ್ತದೆ. ಮೊದಲು ಕೂಗಬೇಕು, ಆಮೇಲೆ ಬೆಳಕು. ಇನ್ನೊಂದು ಲಾಭವೂ ಇದೆ: ಬಂದೂಕು ಇಲ್ಲದ ನೆರೆಯವರ ಹಣೆಯಲ್ಲೂ ಬ್ಯಾಟರಿ ಇದ್ದರೆ ಯಾರು ಎಲ್ಲಿದ್ದಾರೆ ಅನ್ನೋದು ದೂರದಿಂದಲೇ ಕಾಣುತ್ತದೆ.

ಹಳೇ ಬಂದೂಕಿಗೆ ಮೊದಲು ಬೇಕಾದ್ದು

ಸಾಮಾನು ಕೂಡಿಸುವ ಮೊದಲು ಬಂದೂಕೇ ನೆಟ್ಟಗಿದೆಯಾ ನೋಡಬೇಕು. ವರ್ಷಗಟ್ಟಲೆ ಮೂಲೆಯಲ್ಲಿ ನಿಂತ, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಮರಳಿ ತಂದ ಬಂದೂಕಿನ ನಳಿಗೆಯಲ್ಲಿ ತುಕ್ಕು ಇರಬಹುದು, ಕಣಜ ಮಣ್ಣಿನ ಗೂಡು ಕಟ್ಟಿರಬಹುದು. ನಳಿಗೆ ಕಟ್ಟಿಕೊಂಡಿದ್ದಾಗ ಹೊಡೆದರೆ ಸಿಡಿಯೋದು ಬಂದೂಕೇ. ಮುರಿಯುವ ಬಂದೂಕಾದರೆ ತೋಟಾ ಇಲ್ಲ ಅಂತ ಖಚಿತ ಮಾಡಿಕೊಂಡು, ಮಡಚಿ, ಹಿಂದಿನಿಂದ ಬೆಳಕಿಗೆ ಹಿಡಿದು ನೋಡಿದರೆ ತಿಳಿಯುತ್ತದೆ.

ತೋಟಾದ ಉದ್ದವೂ ಮುಖ್ಯ. ಬಹಳ ಹಳೆಯ ಕೆಲವು 12 ಬೋರ್ ಬಂದೂಕುಗಳ ಕೋಣೆ ಎರಡೂವರೆ ಇಂಚಿನದು. ಈಗ ಸಾಮಾನ್ಯವಾಗಿ ಸಿಗುವ ತೋಟಾ 70 ಮಿಲಿಮೀಟರ್, ಅಂದರೆ ಎರಡೂ ಮುಕ್ಕಾಲು ಇಂಚು. ಅದು ಒಳಗೆ ಕೂಡುತ್ತದೆ, ಆದರೆ ಸಿಡಿದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ಲೈಸೆನ್ಸ್ ಇರುವ ಬಂದೂಕು ಡೀಲರ್ ಹತ್ತಿರ ಒಮ್ಮೆ ತೋರಿಸಿ ಕೇಳೋದು ಒಳ್ಳೇದು.

ಕಾಗದವೂ ಬಂದೂಕಿನ ಭಾಗವೇ. ಲೈಸೆನ್ಸ್ ಅವಧಿ ಈಗ 3 ವರ್ಷದಿಂದ 5 ವರ್ಷಕ್ಕೆ ಏರಿದೆ. ಯುಐಎನ್ ಸಂಖ್ಯೆ ನಮೂದಾಗಿದೆಯಾ ನೋಡಿಕೊಳ್ಳಬೇಕು. ಅಪ್ಪನ ಹೆಸರಿನ ಬಂದೂಕನ್ನು ಮಗ ಹೊಲಕ್ಕೆ ಒಯ್ದರೆ ಅದು ಲೈಸೆನ್ಸ್ ಇಲ್ಲದ ಬಂದೂಕಿನ ಲೆಕ್ಕ. ಅಪ್ಪನಿಗೆ 70 ತುಂಬಿದ್ದರೆ, ಇಲ್ಲವೇ ಬಂದೂಕು ಅವರ ಬಳಿ 25 ವರ್ಷ ಇದ್ದರೆ, ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಲು 2016ರ ನಿಯಮಗಳಲ್ಲೇ ದಾರಿ ಇದೆ. ಕೇಳಬೇಕಾದ್ದು ಜಿಲ್ಲಾಧಿಕಾರಿ ಕಚೇರಿಯಲ್ಲಿ.

ಲೈಸೆನ್ಸ್ ಬಂದೂಕಿಗೆ, ಬೇಟೆಗಲ್ಲ

ಬಹಳ ಮಂದಿ ಎಡವುವ ಕಡೆ ಇದು. ಬಂದೂಕಿನ ಲೈಸೆನ್ಸ್ ಇದೆ ಅಂದಮಾತ್ರಕ್ಕೆ ಪ್ರಾಣಿ ಹೊಡೆಯುವ ಹಕ್ಕು ಬರೋದಿಲ್ಲ. ಚಿಗರಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಪರಿಶಿಷ್ಟದಲ್ಲಿದೆ. ಬೆಳೆ ತಿಂತು ಅಂತ ಅದನ್ನು ಹೊಡೆಯಲು ಅನುಮತಿಯೇ ಇಲ್ಲ. ಹೊಡೆದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25 ಸಾವಿರ ದಂಡ. 1998ರಲ್ಲಿ ಜೋಧಪುರದ ಹತ್ತಿರ ಚಿಗರಿ ಕೊಂದ ಪ್ರಕರಣದಲ್ಲಿ ಸಲ್ಮಾನ್ ಖಾನ್‌ಗೆ 2018ರಲ್ಲಿ ಕೆಳ ನ್ಯಾಯಾಲಯ 5 ವರ್ಷ ಶಿಕ್ಷೆ ಕೊಟ್ಟಿತು. 20 ವರ್ಷ ಕೋರ್ಟಿಗೆ ಅಲೆಯುವ ತಾಕತ್ತು ಅವರಿಗಿತ್ತು, ನಾಲ್ಕು ಎಕರೆ ರೈತನಿಗಿಲ್ಲ.

ಕಾಡುಹಂದಿ 2ನೇ ಪರಿಶಿಷ್ಟದಲ್ಲಿದೆ. ನಿಂತ ಬೆಳೆಗೆ ಅಪಾಯ ಇದ್ದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಬರವಣಿಗೆಯಲ್ಲಿ ಕಾರಣ ಹೇಳಿ ಅನುಮತಿ ಕೊಡಬಹುದು. ಆ ಕಾಗದ ಕೈಯಲ್ಲಿ ಇಲ್ಲದೆ, ನಳಿಗೆಗೆ ಬ್ಯಾಟರಿ ಬಿಗಿದು ಮಧ್ಯರಾತ್ರಿ ಸಿಕ್ಕರೆ "ಹೊಲ ಕಾಯಾಕ ಬಂದೀನ್ರಿ" ಅನ್ನೋ ಮಾತಿಗೆ ತೂಕ ಕಡಿಮೆ. ಬೇಟೆಗೆ ಬಳಸಿದ ಬಂದೂಕು, ವಾಹನ ಎರಡೂ ಸರ್ಕಾರದ ಪಾಲಾಗಬಹುದು. ಕಪ್ಪತಗುಡ್ಡ ವನ್ಯಜೀವಿಧಾಮದ 10 ಕಿಲೋಮೀಟರ್ ಒಳಗಿನ ಲೈಸೆನ್ಸ್‌ದಾರರಿಗೆ ಬಂದೂಕು ನೋಂದಣಿಯ ಬೇರೆ ನಿಯಮವೂ ಇದೆ.

"ಕೊಡಗಿನವರಿಗೆ ಇಲ್ಲದ ಕಟ್ಟು ನಮಗ್ಯಾಕೆ" ಅನ್ನೋ ಮಾತೂ ಕಟ್ಟೆ ಮೇಲೆ ಕೇಳುತ್ತದೆ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್ ವಿನಾಯಿತಿ ಇರೋದು ನಿಜ, ಅದು 2029ರವರೆಗೆ ಇದೆ. ಬೇರೆ ಜಿಲ್ಲೆಯ ರೈತರಿಗೆ ಅದು ಅನ್ವಯಿಸೋದಿಲ್ಲ. ನಮ್ಮ ಭಾಗಕ್ಕೆ ಆಯುಧದ ಕಾನೂನಿನ ನೆನಪು ಕಹಿಯಾದದ್ದು ಅನ್ನೋದೂ ನಿಜ. 1857ರ ನಿಶ್ಶಸ್ತ್ರೀಕರಣದ ವಿರುದ್ಧ ಹಲಗಲಿಯ ಬೇಡರು ಎದ್ದರು, ಮರುವರ್ಷ ನರಗುಂದದ ಬಾಬಾಸಾಹೇಬರು ಬಂಡೆದ್ದು ಗಲ್ಲಿಗೇರಿದರು. ಆದರೆ ಅಂದಿನ ಜಗಳ ದೊರೆಗಳ ಜೊತೆ. ಇಂದು ರಾತ್ರಿ ಬಂದೂಕಿನ ಮುಂದೆ ನಿಲ್ಲುವ ಅಪಾಯ ಇರೋದು ಪಕ್ಕದ ಹೊಲದವರಿಗೆ.

ಗುಂಡಿಗಿಂತ ಫೋಟೊ ಲಾಭ

ಬೆಳೆ ಹೋಗೋದು ಸುಳ್ಳಲ್ಲ, ರೈತರ ಸಿಟ್ಟೂ ಸುಳ್ಳಲ್ಲ. ಬಂದೂಕಿಗೆ ಸಾವಿರಾರು ರೂಪಾಯಿಯ ಸಾಮಾನು ಹಾಕುವ ಯೋಚನೆ ಹುಟ್ಟೋದೇ ಪರಿಹಾರದ ದಾರಿ ಮುಚ್ಚಿದೆ ಅನಿಸಿದಾಗ. ಇಲ್ಲಿ ಒಂದು ಬದಲಾವಣೆ ಗಮನಿಸಬೇಕು. ಕಾಡುಪ್ರಾಣಿಗಳಿಂದ ಆದ ಬೆಳೆ ಹಾನಿಯನ್ನು 2026ರ ಮುಂಗಾರಿನಿಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಗೆ ಸೇರಿಸುವುದಾಗಿ ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರ್‌ನಲ್ಲಿ ಹೇಳಿತು. ಹಾನಿಯಾದ 72 ಗಂಟೆಯೊಳಗೆ ಬೆಳೆ ವಿಮೆ ಆ್ಯಪ್‌ನಲ್ಲಿ ಜಾಗದ ಗುರುತಿನ ಸಮೇತ ಫೋಟೊ ಹಾಕಬೇಕು.

ಇದರಲ್ಲಿ ಒಂದು ಕೊಕ್ಕೆ ಇದೆ. ಯಾವ ಪ್ರಾಣಿ, ಯಾವ ಜಿಲ್ಲೆ ಅಥವಾ ವಿಮಾ ಘಟಕ ಅನ್ನೋದನ್ನು ಹಿಂದಿನ ಹಾನಿಯ ದಾಖಲೆ ನೋಡಿ ಗುರುತಿಸಬೇಕಾದ್ದು ರಾಜ್ಯ ಸರ್ಕಾರ. ಚಿಗರಿ, ಕಾಡುಹಂದಿ ಎರಡೂ ಪಟ್ಟಿಯಲ್ಲಿ ಇರಬೇಕು, ರೋಣ, ನರಗುಂದ, ಗಜೇಂದ್ರಗಡ ಮೂರೂ ತಾಲ್ಲೂಕು ಸೇರಬೇಕು. ದೂರೇ ಇಲ್ಲದ ಊರಲ್ಲಿ ಹಾನಿಯೂ ಇಲ್ಲ ಅಂತ ಕಡತ ಹೇಳುತ್ತದೆ. ಹೊಳೆಆಲೂರು, ಮೆಣಸಗಿ, ಗಾಡಗೋಳಿ, ಹೊಳೆಮಣ್ಣೂರು ಕಡೆಯವರು ಪ್ರತಿ ಹಾನಿಗೂ ಅರಣ್ಯ ಇಲಾಖೆಗೆ, ರೈತ ಸಂಪರ್ಕ ಕೇಂದ್ರಕ್ಕೆ ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಬೇಕು. ಎಪಿಎಂಸಿ ವರ್ತಕರಿಗೂ ಇದರಲ್ಲಿ ಪಾಲಿದೆ. ಹೊಲದಲ್ಲಿ ತೆನೆ ಉಳಿಯದಿದ್ದರೆ ಅಂಗಡಿಯಲ್ಲಿ ಉದ್ರಿಯೂ ತೀರೋದಿಲ್ಲ.

ಪಂಪ್‌ಸೆಟ್ ಕರೆಂಟು ಹಗಲು ಕೊಟ್ಟರೆ ರಾತ್ರಿ ಹೊಲದಲ್ಲಿ ಓಡಾಡುವವರೇ ಕಡಿಮೆ ಆಗುತ್ತಾರೆ. ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಕೇಳಬೇಕಾದ ಬೇಡಿಕೆ ಅದು. ಅಲ್ಲಿವರೆಗೆ ಹೊಲಕ್ಕೆ ಹೋಗುವವರು ಬ್ಯಾಟರಿ ಹಣೆಗೆ ಕಟ್ಟಲಿ, ಮೊಬೈಲ್ ಜೇಬಲ್ಲಿ ಇರಲಿ, ಬಂದೂಕು ಒಯ್ಯುವವರು ಅದರ ಬಾಯಿಯನ್ನು ನೆಲಕ್ಕೆ ತಿರುಗಿಸಿರಲಿ. ತಿಂದ ತೆನೆಗೆ ಒಂದಲ್ಲ ಒಂದು ದಿನ ಪರಿಹಾರ ಕೇಳಬಹುದು. ಕತ್ತಲಲ್ಲಿ ಬಿದ್ದ ಮನುಷ್ಯನಿಗೆ ಯಾವ ಆ್ಯಪ್‌ನಲ್ಲೂ ಅರ್ಜಿ ಇಲ್ಲ.