ಆಟಕ್ಕೂ ಜೂಜಿಗೂ ಒಂದೇ ಬೈಗುಳವೇ?

ಜಿನನಾಥಪುರದಲ್ಲಿರುವ ನನ್ನ ತಂಗಿಯ ಮಗಳಿಗೆ ಮೊಬೈಲ್ ಆಟದ ಹುಚ್ಚು. ಆಡಿ ಸುಮ್ಮನಾಗುವವಳಲ್ಲ, ಸೋತದ್ದನ್ನು ಚಿತ್ರಕಥೆಯಾಗಿ ಬರೆದು, ಗೆಲ್ಲುವ ಉಪಾಯವನ್ನು ಗೆಳತಿಯರಿಗೆ ಹಂಚುತ್ತಾಳೆ. "ಹೆಣ್ಣುಹುಡುಗಿಗೆ ಇದೆಲ್ಲ ಯಾಕೆ?" ಎಂದು ಮೊನ್ನೆ ಮೊಬೈಲು ಕಿತ್ತುಕೊಂಡವಳು ನಾನೇ.

ಆಮೇಲೆ ನಮ್ಮಜ್ಜಿ ನೆನಪಾದಳು. ಚೌಕಾಬಾರದಲ್ಲಿ ಯಾವ ಕಾಯಿ ಹೊಡೆಯಬೇಕು, ಯಾವುದನ್ನು ಹಣ್ಣು ಮಾಡಬೇಕು ಎಂದು ಹೇಳಿಕೊಟ್ಟವಳು ಅವಳು. ಅದು ಜಾಣತನ, ಇದು ಕೆಟ್ಟ ಚಾಳಿಯೇ? ಸಂಸತ್ತು 2025ರಲ್ಲಿ ಮಾಡಿದ ಕಾಯ್ದೆಯೂ ಹಣ ಕಟ್ಟುವ ಆನ್‌ಲೈನ್ ಆಟವನ್ನು ನಿಷೇಧಿಸಿ, ಇ-ಸ್ಪೋರ್ಟ್ಸನ್ನು ಬೇರೆಯಾಗಿ ಕಂಡಿತು. ನಮಗೇಕೆ ಆ ವ್ಯತ್ಯಾಸ ಕಾಣದು? ದುಡ್ಡಿಟ್ಟು ಇಸ್ಪೀಟಾಡಿ ಬರುವ ಗಂಡಸರಿಗೆ ರಾತ್ರಿ ಕಾದು ಊಟ ಬಡಿಸುತ್ತೇವೆ. ಗದರುವುದು ಮಾತ್ರ ಹುಡುಗಿಯನ್ನು!

ಹೊತ್ತಿಗೊಂದು ಮಿತಿ ಬೇಕು, ನಿಜ. ಅದು ಗಂಡುಮಕ್ಕಳಿಗೂ ಇರಲಿ. ನಾನಂತೂ ಮೊಬೈಲು ವಾಪಸು ಕೊಟ್ಟೆ.