ನೀರು ಹುಡುಕಿದರೆ ಕಣ್ಣೀರು ಸಿಗದು

ಟಿಪ್ಪಣಿಗಳನ್ನು ಕೂಡಿಟ್ಟು, ಬೇಕೆಂದಾಗ ಹುಡುಕಿಕೊಡುವ ಗಣಕದ ತಂತ್ರಾಂಶಗಳು ಈಗ ಹತ್ತಾರು ಇವೆ. ಅವನ್ನು ಬಹಳ ಮೆಚ್ಚಿದ ಸಹೋದ್ಯೋಗಿ ಮಿತ್ರರೊಬ್ಬರು ಮೊನ್ನೆ ನನಗೆ ಉಪದೇಶಿಸಿದರು: “ಕನ್ನಡದಲ್ಲಿ ಬರೆದಿಟ್ಟರೆ ಸರಿಯಾಗಿ ಸಿಗೋದಿಲ್ಲ ಮೇಷ್ಟ್ರೆ, ಇಂಗ್ಲಿಷಿನಲ್ಲೇ ಮಾಡಿಕೊಳ್ಳಿ.” ಕನ್ನಡ ಪಾಠಕ್ಕೆ ಇಂಗ್ಲಿಷ್ ಟಿಪ್ಪಣಿ! ಈ ಮಾತನ್ನು ಕೇಳಿ ಸುಮ್ಮನಿರಲಾಗದು.

ತೊಡಕಿರುವುದೇನೋ ನಿಜ. ನಮ್ಮ ತ್ಯಾವಣಿಗೆಯ ಕಡೆ ಭದ್ರಾ ನಾಲೆಯಿಂದ ಗದ್ದೆಗೆ ನೀರು ಹಾಯಿಸುವವರ ಮಾತುಗಳನ್ನು ಕೆಲವು ವರ್ಷಗಳಿಂದ ನಾನು ಗಣಕದಲ್ಲಿ ಬರೆದಿಡುತ್ತಿದ್ದೇನೆ. ‘ನೀರು’ ಎಂದು ಹುಡುಕಿದರೆ ಆ ರೂಪವಿರುವ ಟಿಪ್ಪಣಿ ಮಾತ್ರ ಬರುತ್ತದೆ. ‘ನೀರಿಗೆ’, ‘ನೀರಿನ’, ‘ನೀರನ್ನು’ ಒಂದೂ ಇಲ್ಲ. ಯಂತ್ರವು ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆಯೇ ಹೊರತು ಪದವನ್ನರಿಯದು. ಕೊನೆಯ ಉಕಾರ ಬಿಟ್ಟು ‘ನೀರ’ ಎಂದು ಹುಡುಕಿ ಎನ್ನುವ ಜಾಣರಿದ್ದಾರೆ. ಆಗಲಿ, ‘ಕಣ್ಣೀರು’ ಆಗಲೂ ಸಿಗದು, ಅಲ್ಲಿ ನಕಾರ ಣಕಾರವಾಗಿದೆ. ‘ಬರು’ ಎಂದು ಟೈಪು ಮಾಡಿ ‘ಬಂದ’ನನ್ನು ಕರೆತರುವ ಬಗೆ ಯಾವುದು? ಯೂನಿಕೋಡ್ ರೂಢಿಗೆ ಬರುವ ಮುನ್ನ ನುಡಿ, ಬರಹಗಳಲ್ಲಿ ಟೈಪಾದ ಹಳೆಯ ಕಡತಗಳ ಪಾಡಂತೂ ಬೇರೆ. ಕಣ್ಣಿಗೆ ಕಾಣುವುದು ಕನ್ನಡ, ಒಳಗಿರುವುದು ರೋಮನ್ ಲಿಪಿಯ ಸಂಕೇತ. ಪರಿವರ್ತಿಸದೆ ಹುಡುಕಿ ಫಲವಿಲ್ಲ.

ಆದರೆ ಇದು ಕನ್ನಡದ ದೋಷವೆ? ಇಂಗ್ಲಿಷ್ ಪದಗಳ ಬಾಲ ಕತ್ತರಿಸಿ ಮೂಲರೂಪಕ್ಕೆ ತರುವ ಕ್ರಮವೊಂದನ್ನು ಮಾರ್ಟಿನ್ ಪೋರ್ಟರ್ 1980ರಲ್ಲಿಯೇ ಪ್ರಕಟಿಸಿದರು. ಯಾರೋ ಕುಳಿತು ಕೆಲಸ ಮಾಡಿದ್ದರಿಂದ ಆ ಭಾಷೆಗೆ ಅನುಕೂಲವಾಯಿತು, ಅಷ್ಟೆ. ನಮ್ಮ ಸಂಧಿ, ವಿಭಕ್ತಿ, ಧಾತುಗಳನ್ನು ಕೇಶಿರಾಜ 13ನೆಯ ಶತಮಾನದಲ್ಲಿಯೇ ಶಬ್ದಮಣಿದರ್ಪಣದಲ್ಲಿ ಸೂತ್ರ ಕಟ್ಟಿ ಇಟ್ಟ. ಅದು ಹಳಗನ್ನಡವಾಯಿತೆನ್ನುವಿರಾ? ಸಾಹಿತ್ಯ ಪರಿಷತ್ತಿನ ನಿಘಂಟು 8 ಸಂಪುಟಗಳಲ್ಲಿ 1995ರ ಹೊತ್ತಿಗೆ ಮುಗಿಯಿತು; ಕಾವ್ಯ ಶಾಸನಗಳಲ್ಲಿ ಯಾವ ರೂಪದಲ್ಲಿ ಬಂದ ಪದವನ್ನೂ ಅದರ ಮೂಲಪದದಡಿ ಸೇರಿಸಿದ ವಿದ್ವಾಂಸರ ದುಡಿಮೆ ಅದು. ಗಣಕಕ್ಕೆ ಕಲಿಸಬೇಕಾದ ವಿದ್ಯೆಯೂ ಅದೇ ತಾನೆ? ಕನ್ನಡ ಪದಗಳನ್ನು ಬಿಡಿಸಿ ನೋಡುವ ತಂತ್ರಾಂಶಗಳ ಕೆಲಸ ವಿಶ್ವವಿದ್ಯಾಲಯಗಳಲ್ಲಿ ನಡೆದೂ ಇದೆ. ಅದು ನಮ್ಮ ಮೇಜಿನವರೆಗೆ ಬಂದಿಲ್ಲ, ಏಕೆಂದರೆ ನಾವು ಕೇಳಿಲ್ಲ. ಕೇಳಬೇಕಾದವರು ಇಂಗ್ಲಿಷಿಗೆ ಹೊರಳಿ ಕುಳಿತರೆ ಮಾಡುವವರಿಗೇನು ಅವಸರ?

ಮಿತ್ರರ ಉಪದೇಶದಂತೆ ನಡೆಯೋಣವೆಂದರೂ ನನ್ನ ಟಿಪ್ಪಣಿಯಲ್ಲಿ ‘ತೂಬು’ ಇದೆ, ‘ಬದು’ ಇದೆ. ಅಲ್ಲಿ ಮಾತೇ ಸರಕು. ಇಂಗ್ಲಿಷಿಗೆ ತಿರುಗಿಸಿದ ಮೇಲೆ ಕೂಡಿಡಲು ಉಳಿಯುವುದೇನು? ವರ್ಷದ ಚಂದಾ ಕೇಳುವ ತಂತ್ರಾಂಶದವರಿಗೆ ಹಣ ಕಟ್ಟುವ ಮುನ್ನ ‘ಬರು’ ಎಂದು ಟೈಪು ಮಾಡಿ ನೋಡಿ. ‘ಬಂದ’ ಬಾರದಿದ್ದರೆ ಅವರಿಗೊಂದು ಕಾಗದ ಬರೆಯಿರಿ, ಕನ್ನಡದಲ್ಲಿ.