ಬಾಖನ ಚೆಲ್ಲೊ ಮತ್ತು ನಮ್ಮ ತೀರ್ಪುಗಾರರು

ಪಾಶ್ಚಾತ್ಯ ಸಂಗೀತದ ಧ್ವನಿಮುದ್ರಿಕೆಗಳನ್ನು ಕೇಳುವವರಲ್ಲಿ ಒಂದು ಪಂಗಡವಿದೆ. ಇವರನ್ನು ರಸಿಕರೆನ್ನುವುದಕ್ಕಿಂತ ನ್ಯಾಯಾಧೀಶರೆನ್ನುವುದು ಮೇಲು. ಒಂದು ಕೃತಿಯ ಹೆಸರೆತ್ತಿದರೆ ಸಾಕು, ಅದನ್ನು ಯಾರು ನುಡಿಸಿದ್ದು ಸರಿ, ಯಾರು ನುಡಿಸಿದ್ದು ತಪ್ಪು ಎಂದು ನಿಂತ ಕಾಲಲ್ಲೇ ತೀರ್ಪು ಕೊಟ್ಟುಬಿಡುತ್ತಾರೆ. ಆ ಕೃತಿಯಲ್ಲಿ ನೀವು ಕೇಳಿದ್ದೇನು ಎಂದರೆ ಮಾತ್ರ ಅವರ ನಾಲಗೆ ತಡವರಿಸುತ್ತದೆ.

ಇವರ ಕೈಗೆ ಸಿಕ್ಕಿ ಬಹಳ ನೊಂದಿರುವುದು ಬಾಖನ ಆರು ಚೆಲ್ಲೊ ಸೂಟುಗಳು. 1720ರ ಸುಮಾರಿನಲ್ಲಿ, ಜರ್ಮನಿಯ ಕ್ಯೋಥೆನ್ ಆಸ್ಥಾನದಲ್ಲಿದ್ದಾಗ ಬಾಖ್ ಇವನ್ನು ರಚಿಸಿದನೆಂದು ವಿದ್ವಾಂಸರ ಅಭಿಪ್ರಾಯ. ಪಕ್ಕವಾದ್ಯವೆಂಬುದು ಇಲ್ಲ, ಒಬ್ಬ ವಾದಕ, ಒಂದು ವಾದ್ಯ, ಅಷ್ಟೆ. ಪ್ರತಿಯೊಂದು ಸೂಟಿಗೂ ಮೊದಲು ಒಂದು ಪೀಠಿಕೆ, ಆಮೇಲೆ ಐದು ನೃತ್ಯಗತಿಗಳು. ಹೀಗೆ ಒಟ್ಟು 36 ಭಾಗಗಳು. ಬಹುಕಾಲ ಇವನ್ನು ಅಭ್ಯಾಸದ ಪಾಠಗಳೆಂದೇ ಜನ ಎಣಿಸಿದ್ದರು. 1890ರಲ್ಲಿ ಬಾರ್ಸಿಲೋನಾದ ಒಂದು ಹಳೆಯ ಅಂಗಡಿಯಲ್ಲಿ ಇವುಗಳ ಅಚ್ಚಾದ ಪುಸ್ತಕ ಹದಿಮೂರು ವರ್ಷದ ಹುಡುಗನೊಬ್ಬನ ಕೈಗೆ ಬಂತು. ಆ ಹುಡುಗನೇ ಮುಂದೆ ಜಗದ್ವಿಖ್ಯಾತರಾದ ಪಾಬ್ಲೊ ಕಸಾಲ್ಸ್. 1936ರಿಂದ 1939ರವರೆಗೆ ಲಂಡನ್ ಮತ್ತು ಪ್ಯಾರಿಸ್‌ಗಳಲ್ಲಿ ಅವರು ಆರೂ ಸೂಟುಗಳನ್ನು ಗ್ರಾಮಫೋನ್ ತಟ್ಟೆಗೆ ನುಡಿಸಿಕೊಟ್ಟರು. ಜಗತ್ತಿನ ಕಿವಿ ತೆರೆದದ್ದು ಆ ತಟ್ಟೆಗಳಿಂದ.

ಈಗ ನಮ್ಮ ನ್ಯಾಯಾಧೀಶರು ಹೇಳುವುದೇನು? 'ಕಸಾಲ್ಸ್ ಹಳಬರಾದರು. ಅವರದು ಹತ್ತೊಂಬತ್ತನೆಯ ಶತಮಾನದ ಭಾವಾತಿರೇಕ. ಬಾಖನ ಕಾಲದಲ್ಲಿ ತಂತಿ ಕರುಳಿನದು, ಕಮಾನು ಬೇರೆಯದು, ಶ್ರುತಿ ಅರ್ಧ ಸ್ವರದಷ್ಟು ಕೆಳಗಿನದು. ಸ್ವರವನ್ನು ಹೀಗೆ ಸದಾ ನಡುಗಿಸುತ್ತಿರಲಿಲ್ಲ. ಆದ್ದರಿಂದ ಹಳೆಯ ಪದ್ಧತಿಯ ವಾದ್ಯದಲ್ಲಿ ನುಡಿಸಿದ್ದೇ ಬಾಖ್; ಮಿಕ್ಕದ್ದೆಲ್ಲ ಸುಳ್ಳು.'

ಈ ವಾದದಲ್ಲಿ ಸತ್ಯಾಂಶವಿಲ್ಲವೆಂದು ನಾನು ಹೇಳುವುದಿಲ್ಲ. ಡಚ್ ವಾದಕ ಅನ್ನರ್ ಬೈಲ್ಸ್ಮಾ 1979ರಲ್ಲಿ ಹಳೆಯ ಪದ್ಧತಿಯಲ್ಲಿ ನುಡಿಸಿದ ಮುದ್ರಿಕೆಯನ್ನು ಕೇಳಿದವರಿಗೆ ಆ ಸಂಶೋಧನೆಯ ಬೆಲೆ ತಿಳಿಯುತ್ತದೆ. ಸ್ವರಗಳು ಹಾಡುವುದನ್ನು ಬಿಟ್ಟು ಮಾತನಾಡತೊಡಗುತ್ತವೆ. ನೃತ್ಯದ ಹೆಜ್ಜೆ ಹಗುರಾಗುತ್ತದೆ. ಆರನೆಯ ಸೂಟನ್ನಂತೂ ಐದು ತಂತಿಯ ವಾದ್ಯಕ್ಕೆಂದೇ ಬರೆದದ್ದು. ನಾಲ್ಕು ತಂತಿಯ ಚೆಲ್ಲೊದಲ್ಲಿ ಬೆರಳು ಬಹಳ ಮೇಲಕ್ಕೆ ಹತ್ತಿ ಕಷ್ಟಪಡಬೇಕಾದ ಸ್ವರಗಳು ಐದನೆಯ ತಂತಿ ಇದ್ದರೆ ಸಲೀಸಾಗಿ ಒದಗುತ್ತವೆ. ಇದು ನಿಜವಾದ ಲಾಭ. ಆದರೆ ಒಂದು ಹೊಸ ಬಾಗಿಲು ತೆರೆಯಿತೆಂದು ಹಳೆಯ ಬಾಗಿಲಿಗೆ ಬೀಗ ಜಡಿಯಬೇಕೆ?

ಮೂಲ, ಮೂಲ ಎಂದು ಕೂಗುವವರಿಗೆ ಒಂದು ಪ್ರಶ್ನೆ: ಆ ಮೂಲ ಎಲ್ಲಿದೆ? ಬಾಖ್ ತನ್ನ ಕೈಯಾರೆ ಬರೆದ ಈ ಸೂಟುಗಳ ಪ್ರತಿ ಕಳೆದುಹೋಗಿದೆ. ನಮಗೆ ಉಳಿದಿರುವುದು ಬೇರೆಯವರು ಮಾಡಿದ ನಕಲುಗಳು. ಅವುಗಳಲ್ಲಿ ಒಂದು ಅವನ ಎರಡನೆಯ ಹೆಂಡತಿ ಅನ್ನಾ ಮಗ್ದಲೇನಾ ಬರೆದದ್ದು. ಇನ್ನೊಂದು ಯೊಹಾನ್ ಪೀಟರ್ ಕೆಲ್ನರ್ 1726ರಲ್ಲಿ ಬರೆದದ್ದು. ಎಷ್ಟು ಸ್ವರಗಳನ್ನು ಒಂದೇ ಕಮಾನಿನ ಎಳೆತದಲ್ಲಿ ಕೂಡಿಸಬೇಕು ಎಂದು ತೋರಿಸುವ ಗೆರೆಗಳಲ್ಲಿ ಈ ಪ್ರತಿಗಳಿಗೆ ಒಂದಕ್ಕೊಂದು ಹೊಂದಿಕೆಯಿಲ್ಲ. ಅನ್ನಾ ಮಗ್ದಲೇನಾಳ ಪ್ರತಿಯಲ್ಲಿ ಎಷ್ಟೋ ಕಡೆ ಗೆರೆ ಎಲ್ಲಿ ಮೊದಲಾಯಿತು, ಎಲ್ಲಿ ಮುಗಿಯಿತು ಎಂಬುದೇ ಸ್ಪಷ್ಟವಿಲ್ಲ. ಹಸ್ತಪ್ರತಿಗಳ ಪಾಠಾಂತರಗಳೊಡನೆ ಹೆಣಗಿದ ಕನ್ನಡ ಗ್ರಂಥಸಂಪಾದಕರಿಗೆ ಈ ಸಂಕಟ ಏನೆಂದು ಚೆನ್ನಾಗಿ ಗೊತ್ತು. ಕಮಾನಿನ ಎಳೆತ ಚೆಲ್ಲೊಗೆ ಉಸಿರು ಇದ್ದಂತೆ. ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂಬುದೇ ನಿಶ್ಚಯವಿಲ್ಲದ ಮೇಲೆ ಪ್ರತಿಯೊಬ್ಬ ವಾದಕನೂ ಒಬ್ಬ ಸಂಪಾದಕನೇ ಆಗಬೇಕಾಗುತ್ತದೆ. ಕರುಳಿನ ತಂತಿ ಕಟ್ಟಿದ ಮಾತ್ರಕ್ಕೆ ಈ ಹೊಣೆ ತಪ್ಪುವುದಿಲ್ಲ.

ವಾದಕರಿಗೆ ಇದು ಗೊತ್ತು; ತಿಳಿಯದಿರುವುದು ತೀರ್ಪುಗಾರರಿಗೆ. ಅದೇ ಬೈಲ್ಸ್ಮಾ 1992ರಲ್ಲಿ ಬೇರೊಂದು ವಾದ್ಯ ಹಿಡಿದು ಸೂಟುಗಳನ್ನು ಮತ್ತೊಮ್ಮೆ ಮುದ್ರಿಸಿದರು. ಯೋ-ಯೋ ಮಾ ಮೂರು ಸಲ ಮುದ್ರಿಸಿದ್ದಾರೆ. ಮೊದಲನೆಯದು ಹೊರಬಂದದ್ದು 1983ರಲ್ಲಿ, ಮೂರನೆಯದು 2018ರಲ್ಲಿ. ಒಂದು ಸಲಕ್ಕೆ ಎಲ್ಲ ಮುಗಿಯುವಂತಿದ್ದರೆ ಇವರು ಮತ್ತೆ ಮತ್ತೆ ಏಕೆ ಕಮಾನು ಎತ್ತಿದರು? ಜೀವನವನ್ನೇ ಇದಕ್ಕೆ ತೆತ್ತವರು ತಮ್ಮ ಮಾತನ್ನೇ ಕೊನೆಯ ಮಾತೆಂದು ಎಣಿಸದಿರುವಾಗ, ಕುರ್ಚಿಯಲ್ಲಿ ಕುಳಿತ ನಾವು ಕೊನೆಯ ಮಾತು ಹೇಳುವುದು ಉದ್ಧಟತನ.

ಹಾಗಾದರೆ ಎಲ್ಲರೂ ನುಡಿಸಿದ್ದು ಒಂದೇ ಸಮವೆ? ಖಂಡಿತ ಅಲ್ಲ. ಒಳ್ಳೆಯದು ಕೆಟ್ಟದ್ದು ಇದ್ದೇ ಇದೆ. ಅದನ್ನು ಅಳೆಯುವ ಕೋಲು ಬೇರೆ ಎಂದಷ್ಟೇ ನನ್ನ ವಾದ. ಮೊದಲನೆಯ ಸೂಟಿನ ಪೀಠಿಕೆಯನ್ನು ತೆಗೆದುಕೊಳ್ಳಿ. ಆರಂಭದಲ್ಲಿ ಕೆಳಗಿನ ಸ್ವರವೊಂದು ಮತ್ತೆ ಮತ್ತೆ ಬರುತ್ತದೆ. ಅದರ ಮೇಲೆ ಮಿಕ್ಕ ಸ್ವರಗಳು ಏರಿ ಇಳಿಯುತ್ತವೆ. ಕಮಾನು ಮೇಲಿನ ತಂತಿಗೆ ಹೋದಾಗ ಕೆಳಗಿನ ಸ್ವರ ನಿಂತಿರುತ್ತದೆ. ಆದರೂ ಅದು ನಮ್ಮ ಕಿವಿಯಲ್ಲಿ ಉಳಿದಿರಬೇಕು. ಹೀಗೆ ಒಂದೇ ಎಳೆಯಲ್ಲಿ ಎರಡು ಮೂರು ಧ್ವನಿಗಳನ್ನು ಬಾಖ್ ಹೆಣೆದಿದ್ದಾನೆ. ನುಡಿಸದೆ ಬಿಟ್ಟದ್ದನ್ನೂ ಕೇಳಿಸಿದ ವಾದಕ ಗೆದ್ದ. ಸ್ವರಗಳನ್ನು ಮಣಿಯಂತೆ ಉರುಳಿಸಿಬಿಟ್ಟವನು ಸೋತ. ಅವನ ತಂತಿ ಕರುಳಿನದೋ ಉಕ್ಕಿನದೋ ಎಂಬುದು ಆಮೇಲಿನ ಮಾತು.

ಐದನೆಯ ಸೂಟಿನ ಸರಬಾಂದ್ ಇದಕ್ಕಿಂತ ಕಠಿಣವಾದ ಪರೀಕ್ಷೆ. ಅದರಲ್ಲಿ ಎರಡು ಸ್ವರ ಕೂಡಿ ನುಡಿಯುವ ಒಂದು ಸ್ಥಳವೂ ಇಲ್ಲ. ಒಂಟಿ ಸ್ವರಗಳ ಒಂದು ತೆಳು ಸಾಲು, ಸುತ್ತಲೂ ಮೌನ. ಕಸಾಲ್ಸ್ ಅದನ್ನು ಭಾರವಾದ ಶೋಕದಂತೆ ನುಡಿಸುತ್ತಾರೆ. ಬೈಲ್ಸ್ಮಾ ಅದನ್ನು ತಗ್ಗಿದ ದನಿಯ ಮಾತಿನಂತೆ ಆಡುತ್ತಾರೆ. 1960ರಲ್ಲಿ ಮುದ್ರಿಸಿದ ಫ್ರೆಂಚ್ ವಾದಕ ಪಿಯರ್ ಫೂರ್ನಿಯೆ ಅವರಲ್ಲಿ ಅದೇ ದುಃಖಕ್ಕೆ ಒಂದು ಗಾಂಭೀರ್ಯ ಒದಗುತ್ತದೆ. ಮೂವರೂ ಸೇರಿ ಆ ಪುಟ್ಟ ಕೃತಿಯ ಆಳವನ್ನು ತೋರಿಸಿದಷ್ಟು ಒಬ್ಬರೇ ತೋರಿಸಲಾರರು.

ಧ್ವನಿಮುದ್ರಿಕೆಯ ವರ ಇದೇ ಅಲ್ಲವೆ? ಕಚೇರಿಯಲ್ಲಿ ಕೇಳಿದ್ದು ಕೇಳಿದ ಕೂಡಲೇ ಹೋಯಿತು. ಮುದ್ರಿಕೆಯಲ್ಲಿ ಸತ್ತವರೂ ಬದುಕಿರುವವರೂ ಪಕ್ಕಪಕ್ಕದಲ್ಲಿ ಕುಳಿತು ನಮಗಾಗಿ ನುಡಿಸುತ್ತಾರೆ. ನಾಲ್ಕು ನಿಮಿಷದ ಒಂದು ಭಾಗವನ್ನು ಹತ್ತು ಸಲ ಕೇಳಬಹುದು. ಇಂಥ ಸೌಭಾಗ್ಯವನ್ನು ಅಂಕ ಹಾಕುವುದಕ್ಕೆ ಮಾತ್ರ ಬಳಸುವುದು ಊಟದ ಎಲೆಯ ಮುಂದೆ ಕುಳಿತು ತಕ್ಕಡಿ ಹಿಡಿದಂತೆ.

ಕಸಾಲ್ಸರ ತಟ್ಟೆಯ ಮೇಲೆ ಇನ್ನೊಂದು ದೂರು, ಅದರಲ್ಲಿ ಸರಸರ ಸದ್ದು ಇದೆಯೆಂದು. ಇದೆ. ಆದರೆ ಅದು ಮೇಣದ ಮೇಲೆ ನೇರವಾಗಿ ಕೊರೆದ ನಾದ. ಒಂದು ಸ್ವರ ತಪ್ಪಿದರೆ ಅದನ್ನು ಮಾತ್ರ ಕತ್ತರಿಸಿ ತೇಪೆ ಹಾಕುವಂತಿರಲಿಲ್ಲ. ಇಡೀ ಮಗ್ಗುಲನ್ನು ಮತ್ತೆ ನುಡಿಸಬೇಕಾಗಿತ್ತು. ಆ ಎಚ್ಚರ, ಆ ಅಪಾಯ ನಾದದಲ್ಲೇ ಇದೆ. ಸದ್ದನ್ನು ಪೂರ್ತಿ ಅಳಿಸಹೊರಟವರು ಅದರೊಡನೆ ಕಮಾನಿನ ಕಚ್ಚನ್ನೂ ಅಳಿಸಿಬಿಡುತ್ತಾರೆ. ಸ್ವಲ್ಪ ಹೊತ್ತು ತಾಳ್ಮೆಯಿಂದ ಕೇಳಿದರೆ ಕಿವಿ ತಾನೇ ಸದ್ದನ್ನು ಬದಿಗೊತ್ತುತ್ತದೆ.

ನನ್ನ ಕಳವಳ ಹೊಸದಾಗಿ ಕೇಳತೊಡಗುವ ತರುಣರನ್ನು ಕುರಿತದ್ದು. ಇಂದು ಎಲ್ಲ ಮುದ್ರಿಕೆಗಳೂ ಅಂಗೈಯಲ್ಲಿರುವ ಫೋನಿನಲ್ಲೇ ಸಿಗುತ್ತವೆ. ಆದರೆ ಕೇಳುವ ಮೊದಲೇ ಯಾರೋ ಪಟ್ಟಿ ಹಿಡಿದು ಬಂದು, 'ಇದೊಂದು ಕೇಳು, ಮಿಕ್ಕದ್ದು ಬಿಡು' ಎನ್ನುತ್ತಾರೆ. ಆ ತರುಣ ಒಂದನ್ನು ಕೇಳಿ, ಬಾಖ್ ತನಗೆ ತಿಳಿದನೆಂದು ಎದ್ದುಹೋಗುತ್ತಾನೆ. ಅವನಿಗೆ ನಾನು ಹೇಳುವುದು ಇಷ್ಟೆ: ಒಂದು ಸರಬಾಂದ್ ಆರಿಸಿಕೊ. ಮೂವರು ನುಡಿಸಿದ್ದನ್ನು ಒಂದು ವಾರ ಕೇಳು. ಪಟ್ಟಿ ತಂದವನು ಮತ್ತೆ ಬಂದು ಯಾವುದು ಶ್ರೇಷ್ಠವೆಂದು ಕೇಳಿದರೆ, ನೀನು ಅದರಲ್ಲಿ ಕೇಳಿದ್ದೇನು ಎಂದು ಅವನನ್ನೇ ತಿರುಗಿ ಕೇಳು.